ಹೇರಳೆಕಾಯಿ, ಕೊಡಗಿನ ಕಿತ್ತಳೆ, 102 ಡಿಗ್ರಿ: ಮೈಸೂರಿನ ಅಡುಗೆಮನೆಯಲ್ಲಿ ಮಾರ್ಮಲೇಡ್

ಕಿತ್ತಳೆ ಜಾತಿಯ ಹಣ್ಣನ್ನು ಸಿಪ್ಪೆಯ ಸಮೇತ ಸಕ್ಕರೆ ಹಾಕಿ ಕುದಿಸಿ ಮಾಡುವ, ಸ್ವಲ್ಪ ಕಹಿ ಇರುವ ಜಾಮಿನಂಥದ್ದು ಮಾರ್ಮಲೇಡ್. ನಮ್ಮ ಕಡೆ ಅದನ್ನು ಮನೆಯಲ್ಲೇ ಮಾಡಲು ಹೊರಟವರಿಗೆ ಎರಡು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪಾಕವನ್ನು ಒಲೆಯಿಂದ ಇಳಿಸಲು ಇಂಗ್ಲೆಂಡಿನ ಅಡುಗೆ ಬರಹಗಳು ಹೇಳುವ 105 ಡಿಗ್ರಿ ಸೆಲ್ಸಿಯಸ್ ಬಿಸಿ ಮೈಸೂರಿಗೂ ಬೆಂಗಳೂರಿಗೂ ಮಡಿಕೇರಿಗೂ ಹೊಂದುವುದಿಲ್ಲ. ಮತ್ತೆ, ಅಂಗಡಿಯ ಕಿತ್ತಳೆ ಒಂದನ್ನೇ ನಂಬಿದರೆ ಪಾಕ ಕಟ್ಟಿಕೊಳ್ಳುವುದು ಕಷ್ಟ. ಅದಕ್ಕೆ ಹೇರಳೆಕಾಯಿ ಬೇಕು. ಇವೆರಡನ್ನು ಗೊತ್ತುಮಾಡಿಕೊಳ್ಳಲು ನನಗೆ ಒಂದು ಇಡೀ ಚಳಿಗಾಲ ಹಿಡಿಯಿತು. ಆಗ ಬರೆದಿಟ್ಟುಕೊಂಡ ಅಳತೆ, ಖರ್ಚು, ಕೆಟ್ಟ ಪಾಕ, ಒಳ್ಳೆಯ ಪಾಕ ಎಲ್ಲ ಕೆಳಗಿವೆ.

ಸಾಮಾನು

ದಪ್ಪ ತಳದ, ಬಾಯಿ ಅಗಲ ಇರುವ 5 ಲೀಟರ್ ಸ್ಟೀಲ್ ಪಾತ್ರೆ. ಅಲ್ಯೂಮಿನಿಯಂ ಬೇಡ, ಕಲಾಯಿ ಇಲ್ಲದ ಹಿತ್ತಾಳೆಯೂ ಬೇಡ. ಹುಳಿ ಎರಡು ಗಂಟೆ ಕುದಿಯುತ್ತದೆ, ಲೋಹ ಬಿಡುತ್ತದೆ.

ಡಿಜಿಟಲ್ ಥರ್ಮಾಮೀಟರ್, ಉದ್ದ ಕಡ್ಡಿಯದು, 450 ರೂಪಾಯಿ. 5 ಕೆಜಿ ತೂಗುವ ಅಡುಗೆಮನೆ ತಕ್ಕಡಿ, 600 ರೂಪಾಯಿ. ಕುಕ್ಕರ್ ಮನೆಯದೇ. ಬೀಜ ಕಟ್ಟಲು ಹಳೇ ಪಂಚೆಯ ತುಂಡು, ಚೆನ್ನಾಗಿ ಕುದಿಸಿ ಒಣಗಿಸಿದ್ದು. ತಗಡಿನ ಮುಚ್ಚಳದ 250 ಮಿಲಿ ಗಾಜಿನ ಬಾಟಲಿಗಳು, ಒಂದಕ್ಕೆ 35 ರೂಪಾಯಿ. ಫ್ರೀಜರಿನಲ್ಲಿ ಇಡಲು ಎರಡು ಚಿಕ್ಕ ಸ್ಟೀಲ್ ತಟ್ಟೆ.

ಥರ್ಮಾಮೀಟರ್ ಇಲ್ಲದೆಯೂ ಮಾಡಬಹುದು. ತಕ್ಕಡಿ ಇಲ್ಲದೆ ಮಾತ್ರ ಹೊರಡಬೇಡಿ. ಯಾಕೆ ಅಂತ ಮುಂದೆ ಬರುತ್ತದೆ.

ಮೊದಲ ಪಾಕ: ನಾಗಪುರ ಕಿತ್ತಳೆ, 105 ಡಿಗ್ರಿ

ನಾಗಪುರ ಕಿತ್ತಳೆ 1 ಕೆಜಿ, ಸಕ್ಕರೆ 1 ಕೆಜಿ, ನಿಂಬೆಹಣ್ಣು 1, ನೀರು ಒಂದೂವರೆ ಲೀಟರ್. ಸಿಪ್ಪೆ ಸಣ್ಣಗೆ ಹೆಚ್ಚಿ, ತೊಳೆಯ ರಸ ಹಿಂಡಿ, ಬೀಜ ಬಿಸಾಡಿದೆ. ಒಂದು ಗಂಟೆ ಬೇಯಿಸಿ, ಸಕ್ಕರೆ ಹಾಕಿ, ಜೋರು ಉರಿಯಲ್ಲಿ 105 ಡಿಗ್ರಿ ಬರುವವರೆಗೆ ಕುದಿಸಿದೆ.

102 ದಾಟಿದ ಮೇಲೆ ಪಾಕ ಬಣ್ಣ ಬದಲಾಯಿಸತೊಡಗಿತು. 104ಕ್ಕೆ ಗುಳ್ಳೆಗಳು ದಪ್ಪವಾಗಿ, ಸೌಟು ಎತ್ತಿದರೆ ಎಳೆ ಬರುತ್ತಿತ್ತು. 105ಕ್ಕೆ ಇಳಿಸಿದೆ. ಆರಿದ ಮೇಲೆ ನೋಡಿದರೆ ಚಮಚ ಇಳಿಯುವುದಿಲ್ಲ. ಚಿಕ್ಕಿಗೆ ಮಾಡುವ ಪಾಕದ ಹಾಗೆ ಅಂಟು, ಸುಟ್ಟ ಸಕ್ಕರೆಯ ವಾಸನೆ. ಕಿತ್ತಳೆಯ ಘಮ ಪೂರ್ತಿ ಹೋಗಿತ್ತು. ಒಂದು ವಾರದಲ್ಲಿ ಬಾಟಲಿಯ ಅಂಚಿನಲ್ಲಿ ಸಕ್ಕರೆ ಹರಳುಗಟ್ಟಿತು.

ತೂಕ ನೋಡಿದಾಗ ವಿಷಯ ಗೊತ್ತಾಯಿತು. 1 ಕೆಜಿ ಸಕ್ಕರೆಗೆ ಸುಮಾರು 1 ಕೆಜಿ 650 ಗ್ರಾಂ ಮಾರ್ಮಲೇಡ್ ಬರಬೇಕು. ಬಂದದ್ದು 1 ಕೆಜಿ 400 ಗ್ರಾಂ. ಅಂದರೆ ಕಾಲು ಕೆಜಿ ನೀರು ಹೆಚ್ಚಿಗೆ ಹಾರಿಹೋಗಿತ್ತು.

ಬರೀ ನೀರು ಕುದಿಸಿ ನೋಡಿದ್ದು

ಮಾರನೇ ದಿನ ಪಾತ್ರೆಗೆ ನೀರು ಮಾತ್ರ ಹಾಕಿ ಕುದಿಸಿ, ಥರ್ಮಾಮೀಟರ್ ಇಳಿಬಿಟ್ಟೆ. 97.5ಕ್ಕೆ ಬಂದು ನಿಂತಿತು. ಎಷ್ಟು ಉರಿ ಕೊಟ್ಟರೂ ಮೇಲೆ ಹೋಗಲಿಲ್ಲ. ಮೀಟರ್ ಸರಿಯಾಗೇ ಇದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಸರಿಸುಮಾರು 300 ಮೀಟರ್ ಮೇಲೆ ಹೋದರೆ ನೀರು ಕುದಿಯುವ ಬಿಸಿ 1 ಡಿಗ್ರಿ ಇಳಿಯುತ್ತದೆ.

105 ಡಿಗ್ರಿ ಅನ್ನುವುದು ನೀರು 100ಕ್ಕೆ ಕುದಿಯುವ ಊರಿನ ಲೆಕ್ಕ. ಪಾಕದಲ್ಲಿ ಸಕ್ಕರೆಯ ಅಂಶ ನೂರಕ್ಕೆ 65 ದಾಟಿದಾಗ, ಅದು ಬರೀ ನೀರಿಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚು ಬಿಸಿಯಲ್ಲಿ ಕುದಿಯುತ್ತದೆ. ನಮಗೆ ಬೇಕಾದದ್ದು ಆ ನಾಲ್ಕೂವರೆ. ಹಾಗಾಗಿ ಮೈಸೂರಿಗೆ 102. ಬೆಂಗಳೂರಿನಲ್ಲಿ ನೀರು 97ರ ಹತ್ತಿರ ಕುದಿಯುತ್ತದೆ, ಅಲ್ಲಿಗೆ 101.5. ಮಡಿಕೇರಿಗೆ 100.5 ಸಾಕು. ಮಂಗಳೂರಿನವರು ಮಾತ್ರ 104.5 ಅಂತ ಇಟ್ಟುಕೊಳ್ಳಬಹುದು.

ಊರಿನ ಎತ್ತರದ ಲೆಕ್ಕ ಹಾಕುತ್ತಾ ಕೂರುವುದು ಬೇಡ. ಪ್ರತಿ ಸಲ ಮಾರ್ಮಲೇಡಿಗೆ ಕೂರುವ ಮೊದಲು ಅದೇ ಒಲೆ, ಅದೇ ಮೀಟರಿನಲ್ಲಿ ನೀರು ಕುದಿಸಿ ನೋಡಿ, ಬಂದ ಸಂಖ್ಯೆಗೆ ನಾಲ್ಕೂವರೆ ಸೇರಿಸಿ. ಮೀಟರ್ ಒಂದು ಡಿಗ್ರಿ ತಪ್ಪು ತೋರಿಸುತ್ತಿದ್ದರೂ ಲೆಕ್ಕ ಸರಿಹೋಗುತ್ತದೆ.

ಮುಂದಿನ ಪಾಕ: 102ಕ್ಕೆ ಇಳಿಸಿದೆ, ಕಟ್ಟಲಿಲ್ಲ

ಹಣ್ಣು, ಸಕ್ಕರೆ ಅದೇ ಅಳತೆ. 102ಕ್ಕೆ ಸರಿಯಾಗಿ ಇಳಿಸಿದೆ. ಬಣ್ಣ ಚೆನ್ನಾಗಿತ್ತು, ಘಮ ಚೆನ್ನಾಗಿತ್ತು, ತೂಕವೂ ಸರಿಯಾಗಿ ಬಂತು. ಆದರೆ ಮಾರನೇ ದಿನವೂ ಅದು ಜೇನುತುಪ್ಪದಷ್ಟೇ ತೆಳ್ಳಗಿತ್ತು. ಸಿಪ್ಪೆಯೆಲ್ಲ ಮೇಲೆ ತೇಲಿ, ಕೆಳಗೆ ಬರೀ ಪಾಕ.

ಸಕ್ಕರೆ ಸರಿಯಾಗಿದ್ದೂ ಕಟ್ಟಲಿಲ್ಲ ಅಂದರೆ ಪೆಕ್ಟಿನ್, ಅಂದರೆ ಪಾಕವನ್ನು ಗಟ್ಟಿ ಹಿಡಿಸುವ ಹಣ್ಣಿನ ಅಂಟು, ಇಲ್ಲ, ಅಥವಾ ಹುಳಿ ಸಾಲದು ಎಂದರ್ಥ. ಇಲ್ಲಿ ಎರಡೂ ಕಮ್ಮಿ. ಪೆಕ್ಟಿನ್ ಇರುವುದು ಸಿಪ್ಪೆಯ ಒಳಗಿನ ಬಿಳಿ ಭಾಗದಲ್ಲಿ, ಬೀಜದ ಸುತ್ತ, ತೊಳೆಯ ಪೊರೆಯಲ್ಲಿ. ನಾಗಪುರ ಕಿತ್ತಳೆಗೆ ಬಿಳಿ ಭಾಗ ತೀರಾ ತೆಳು. ಬೀಜವನ್ನಂತೂ ನಾನು ಬಿಸಾಡುತ್ತಿದ್ದೆ. ರಸವೂ ಸಿಹಿ.

ಇಂಗ್ಲೆಂಡು, ಸ್ಕಾಟ್ಲೆಂಡಿನ ಮಾರ್ಮಲೇಡಿಗೆ ಬಳಸುವುದು ಸ್ಪೇನಿನ ಸೆವಿಲ್ ಕಿತ್ತಳೆ. ಅದು ಕಹಿ, ತುಂಬ ಹುಳಿ, ಸಿಪ್ಪೆ ದಪ್ಪ, ಒಳಗೆ ರಾಶಿ ಬೀಜ. ಜನವರಿ ಹೊತ್ತಿಗೆ ಕೆಲವೇ ವಾರ ಅಲ್ಲಿನ ಅಂಗಡಿಗಳಿಗೆ ಬರುತ್ತದೆ, ಜನ ಕಾದು ಕೊಳ್ಳುತ್ತಾರೆ. ಕೈಯಲ್ಲಿ ಸುಲಿದು ತಿನ್ನುವ ಹಣ್ಣಲ್ಲ ಅದು. ಸ್ಕಾಟ್ಲೆಂಡಿನ ಡಂಡೀ ಊರಿನಲ್ಲಿ ಕೀಲರ್ ಮನೆತನದವರು 1797ರಲ್ಲಿ ಮಾರ್ಮಲೇಡ್ ವ್ಯಾಪಾರಕ್ಕೆ ಇಳಿದದ್ದೂ ಈ ಹಣ್ಣನ್ನು ಇಟ್ಟುಕೊಂಡೇ. ಹಾಗಾಗಿ ಅಲ್ಲಿನ ಅಳತೆ ಓದಿಕೊಂಡು ಅದರಲ್ಲಿ ಸಿಹಿ ಕಿತ್ತಳೆ ಹಾಕಿದರೆ ಪಾಕ ಹೇಗೆ ತಾನೇ ನಿಲ್ಲುತ್ತದೆ?

ಕಹಿ, ಹುಳಿ, ದಪ್ಪ ಸಿಪ್ಪೆ, ರಾಶಿ ಬೀಜ. ಈ ನಾಲ್ಕೂ ಒಟ್ಟಿಗೆ ಇರುವ ಕಾಯಿ ನಮ್ಮ ಮನೆಗೆ ಚಿತ್ರಾನ್ನಕ್ಕೆ, ಗೊಜ್ಜಿಗೆ, ಉಪ್ಪಿನಕಾಯಿಗೆ ವರ್ಷವೂ ಬರುತ್ತಿತ್ತು. ಹೇರಳೆಕಾಯಿ.

ಹೇರಳೆಕಾಯಿ ತಂದದ್ದು

ದೇವರಾಜ ಮಾರುಕಟ್ಟೆಯಲ್ಲಿ ಒಂದಕ್ಕೆ 25 ರೂಪಾಯಿ. ಒಂದೊಂದೂ ಕಾಲು ಕೆಜಿ ತೂಗುತ್ತದೆ. ಮಾರುವವರು ಕೇಳಿದರು, "ಅಕ್ಕ, ಉಪ್ಪಿನಕಾಯಿಗಾ, ಚಿತ್ರಾನ್ನಕ್ಕಾ?"

"ಜಾಮ್ ಥರದ್ದಕ್ಕೆ. ಬೀಜ ಜಾಸ್ತಿ ಇರೋದು ನೋಡಿ ಕೊಡಿ."

"ಬೀಜ ಬೇಡ ಅನ್ನೋರೇ ಎಲ್ಲ. ದೊಡ್ಡದು ತಗೊಳ್ಳಿ, ಅದ್ರಲ್ಲಿ ತುಂಬಿರ್ತದೆ."

ಪೂರ್ತಿ ಹಳದಿ ಆದದ್ದಕ್ಕಿಂತ ಅರ್ಧ ಹಸಿರು ಇರುವುದು ಒಳ್ಳೆಯದು. ತೀರಾ ಹಣ್ಣಾದರೆ ಪೆಕ್ಟಿನ್ ಕಮ್ಮಿಯಾಗುತ್ತದೆ. ಒತ್ತಿದರೆ ಮೆತ್ತಗಾಗುವ ಕಾಯಿ ತರಲೇಬೇಡಿ. ಮನೆಗೆ ತಂದ ಮೇಲೆ ಬಿಸಿನೀರಿನಲ್ಲಿ ಬ್ರಷ್ ಹಾಕಿ ತಿಕ್ಕಿ ತೊಳೆಯಬೇಕು, ತಿನ್ನುವುದು ಸಿಪ್ಪೆಯನ್ನೇ ಅಲ್ವಾ.

ಸ್ಪಿರಿಟ್ ಪರೀಕ್ಷೆ

ಪಾಕಕ್ಕೆ ಕೈ ಹಾಕುವ ಮೊದಲು ಇದೊಂದು ಮಾಡಿ ನೋಡಿದೆ. ಹಣ್ಣು ಬೆಂದ ನೀರು ಒಂದು ಚಮಚ ತೆಗೆದು, ಪೂರ್ತಿ ಆರಿಸಿ, ಚಿಕ್ಕ ಗಾಜಿನ ಲೋಟಕ್ಕೆ ಹಾಕಿ. ಅದರ ಮೇಲೆ ಮೂರು ಚಮಚ ಸರ್ಜಿಕಲ್ ಸ್ಪಿರಿಟ್ ಸುರಿದು, ನಿಧಾನ ಅಲ್ಲಾಡಿಸಿ, ಒಂದು ನಿಮಿಷ ಬಿಡಿ. ಪೆಕ್ಟಿನ್ ಚೆನ್ನಾಗಿದ್ದರೆ ಒಂದೇ ಗಟ್ಟಿ ಮುದ್ದೆಯಾಗಿ ಕೂಡಿಕೊಳ್ಳುತ್ತದೆ. ಕಮ್ಮಿ ಇದ್ದರೆ ಚೂರು ಚೂರಾಗಿ ಒಡೆದುಕೊಂಡಿರುತ್ತದೆ. ಇದನ್ನು ಒಲೆಯಿಂದ ದೂರ ಮಾಡಿ, ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ಬಾಯಿಗೆ ಹಾಕಬಾರದು. ಮುಗಿದ ಮೇಲೆ ಚೆಲ್ಲಿ, ಲೋಟ ಚೆನ್ನಾಗಿ ತೊಳೆದಿಡಿ.

ನಾಗಪುರ ಕಿತ್ತಳೆಯದು: ತೆಳು ಎಳೆಗಳು, ಕಡ್ಡಿಯಲ್ಲಿ ಎತ್ತಿದರೆ ಸಿಗುವುದಿಲ್ಲ. ಕೊಡಗಿನ ಕಿತ್ತಳೆ, ಬೀಜದ ಸಮೇತ ಬೇಯಿಸಿದ್ದು: ಎರಡು ಮೂರು ಮೆತ್ತನೆಯ ಉಂಡೆ. ಹೇರಳೆಕಾಯಿಯದು: ಕಡ್ಡಿಯಲ್ಲಿ ಎತ್ತಿದರೆ ಇಡೀ ಮುದ್ದೆ ಒಟ್ಟಿಗೇ ಮೇಲೆ ಬಂತು.

ಹೇರಳೆಯ ಬೀಜಗಳನ್ನು ಬರೀ ನೀರಿನಲ್ಲಿ ರಾತ್ರಿ ನೆನೆಸಿಟ್ಟರೂ ಸಾಕು, ಬೆಳಗ್ಗೆಗೆ ನೀರು ಲೋಳೆಯಾಗಿರುತ್ತದೆ. ಬೆರಳಿಗೆ ಅಂಟುವ ಆ ಲೋಳೆಯೇ ಇಡೀ ಬಾಟಲಿಯನ್ನು ಹಿಡಿದು ನಿಲ್ಲಿಸುವುದು.

ಬರೀ ಹೇರಳೆಕಾಯಿ

ಹೇರಳೆ 1 ಕೆಜಿ, ಸಕ್ಕರೆ 1 ಕೆಜಿ 200 ಗ್ರಾಂ. ಇದು ಕಟ್ಟಿಕೊಂಡದ್ದು ನೋಡಿ ತುಂಬ ಸಂತೋಷವಾಯಿತು. ಬಾಟಲಿ ಓರೆ ಮಾಡಿದರೂ ಅಲ್ಲಾಡಲಿಲ್ಲ. ತಿನ್ನಲು ಮಾತ್ರ ಆಗಲಿಲ್ಲ, ಅಷ್ಟು ಕಹಿ. ಮೊದಲ ಕ್ಷಣ ಸಿಹಿ, ಆಮೇಲೆ ಗಂಟಲವರೆಗೂ ಕಹಿ ಉಳಿಯುತ್ತಿತ್ತು. ಮಾರ್ಮಲೇಡಿಗೆ ಕಹಿ ಬೇಕೇ ಬೇಕು, ಕಹಿಯೇ ಇಲ್ಲದಿದ್ದರೆ ಅದು ಕಿತ್ತಳೆ ಜಾಮ್ ಅಷ್ಟೆ. ಆದರೆ ಇಷ್ಟು ಆಗದು.

ಇನ್ನೊಂದು ತೊಂದರೆಯೂ ಇತ್ತು. ಸಿಪ್ಪೆ ರಬ್ಬರಿನಂತೆ ಗಟ್ಟಿ. ಸಿಪ್ಪೆ ಪೂರ್ತಿ ಬೇಯುವ ಮೊದಲೇ ಸಕ್ಕರೆ ಬಿದ್ದಿತ್ತು. ಸಕ್ಕರೆ ಸೇರಿದ ಮೇಲೆ ಸಿಪ್ಪೆ ಎಷ್ಟು ಹೊತ್ತು ಕುದಿಸಿದರೂ ಮೆತ್ತಗಾಗುವುದಿಲ್ಲ, ಇನ್ನಷ್ಟು ಬಿಗಿಯುತ್ತದೆ. ಅಲ್ಲಿಂದೀಚೆಗೆ ಒಂದು ನಿಯಮ: ಸಿಪ್ಪೆಯ ಚೂರನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಹಿಟ್ಟಾಗಬೇಕು. ಆಗುವವರೆಗೆ ಸಕ್ಕರೆ ಡಬ್ಬದ ಮುಚ್ಚಳ ತೆಗೆಯುವುದೇ ಇಲ್ಲ.

ಕಹಿ ಇಳಿಸುವ ದಾರಿ ಉಪ್ಪಿನಕಾಯಿ ಮಾಡುವವರಿಗೆ ಗೊತ್ತಿರುವುದೇ. ಹೆಚ್ಚಿದ ಸಿಪ್ಪೆಯನ್ನು ಕುದಿಯುವ ನೀರಿಗೆ ಹಾಕಿ ಐದು ನಿಮಿಷ ಕುದಿಸಿ, ಆ ನೀರು ಚೆಲ್ಲುವುದು. ಹೊಸ ನೀರು ಹಾಕಿ ಮತ್ತೊಮ್ಮೆ ಹಾಗೇ ಮಾಡುವುದು. ಎರಡು ಸಲ ಮಾಡಿದರೆ ನಾಲಿಗೆಗೆ ಹಿತವಾದ ಕಹಿ ಉಳಿಯುತ್ತದೆ. ಮೂರು ಸಲ ಮಾಡಿದಾಗ ಹೇರಳೆಯ ಪರಿಮಳವೂ ನೀರಿನ ಜೊತೆ ಹೋಯಿತು. ಹೀಗೆ ಕುದಿಸಿ ಚೆಲ್ಲುವುದು ಹೊರಗಿನ ಸಿಪ್ಪೆಗೆ ಮಾತ್ರ. ಬೀಜ ಮತ್ತು ಬಿಳಿ ಭಾಗದ ನೀರು ಚೆಲ್ಲಿದರೆ ಪೆಕ್ಟಿನ್ ಹೋಗುತ್ತದೆ.

ನಿಂತ ಪಾಕ: ಕೊಡಗಿನ ಕಿತ್ತಳೆ ಜೊತೆ ಹೇರಳೆ

ಈಗ ಮಾಡುವುದು ಇದನ್ನೇ. ಪರಿಮಳಕ್ಕೆ ಕಿತ್ತಳೆ, ಕಟ್ಟಿಕೊಳ್ಳಲು ಹೇರಳೆ.

ಕೊಡಗಿನ ಕಿತ್ತಳೆ ಸಿಕ್ಕರೆ ಅದೇ ತೆಗೆದುಕೊಳ್ಳಿ. ನೋಡಲು ಅಷ್ಟೇನೂ ಕೆಂಪಿಲ್ಲ, ಹಸಿರು ಮಿಶ್ರಿತ ಹಳದಿ. ನಾಗಪುರದ್ದಕ್ಕಿಂತ ಸಿಪ್ಪೆ ತೊಳೆಗೆ ಬಿಗಿಯಾಗಿ ಅಂಟಿರುತ್ತದೆ. ಸಿಹಿಯ ಜೊತೆ ಹುಳಿಯೂ ಇದೆ, ಸಿಪ್ಪೆಯ ಎಣ್ಣೆಯ ಘಮ ಇಡೀ ಮನೆ ತುಂಬುತ್ತದೆ. ಇಂಥ ಊರಿನದೇ ಅಂತ ಹೆಸರು ಕಾಯ್ದಿಡುವ ಭೌಗೋಳಿಕ ಗುರುತಿನ (ಜಿಐ) ಪಟ್ಟಿ ಸೇರಿದ ಹಣ್ಣು ಇದು. ಕಾಫಿ ತೋಟಗಳಲ್ಲಿ ಹಿಂದೆ ತುಂಬಿತುಳುಕುತ್ತಿತ್ತು, ರೋಗ ಬಿದ್ದು ಬಿದ್ದು ಮರ ಕಮ್ಮಿಯಾದವು. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಈ ಕಿತ್ತಳೆಯ ಮೇಲೆ ಕೆಲಸ ನಡೆದಿದೆ. ಮೈಸೂರಿನಲ್ಲಿ "ಕೂರ್ಗ್ ಕಿತ್ತಳೆ" ಅಂತ ಹೇಳಿ ಬೇರೆ ಹಣ್ಣು ಕೊಡುವುದೂ ಉಂಟು. ಸಿಪ್ಪೆ ಸಡಿಲವಾಗಿ ಊದಿಕೊಂಡಿದ್ದರೆ ಅನುಮಾನ ಪಡಿ.

ಅಳತೆ:

ಕೊಡಗಿನ ಕಿತ್ತಳೆ 750 ಗ್ರಾಂ
ಹೇರಳೆಕಾಯಿ 2, ಸೇರಿ 500 ಗ್ರಾಂ
ನಿಂಬೆಹಣ್ಣು 2
ಸಕ್ಕರೆ 1 ಕೆಜಿ 200 ಗ್ರಾಂ
ನೀರು ಒಂದೂವರೆ ಲೀಟರ್, ಎರಡು ಪಾಲಾಗಿ: 1 ಲೀಟರ್ ಮತ್ತು 500 ಮಿಲಿ

*ಮೊದಲ ದಿನ, ಸಂಜೆ.* ಕಿತ್ತಳೆ ಸುಲಿದು, ಸಿಪ್ಪೆಯನ್ನು ಸಣ್ಣ ಎಳೆಗಳಾಗಿ ಹೆಚ್ಚಿ. ಹೇರಳೆಯ ಹೊರಸಿಪ್ಪೆಯನ್ನು ಚೂರಿಯಿಂದ ತೆಳುವಾಗಿ ಕೆತ್ತಿ ತೆಗೆದು, ಅದನ್ನೂ ಎಳೆಯಾಗಿ ಹೆಚ್ಚಿ, ಎರಡು ಸಲ ಕುದಿಸಿ ನೀರು ಚೆಲ್ಲಿ. ಉಳಿದ ಹೇರಳೆಯನ್ನು ಅಡ್ಡ ಕತ್ತರಿಸಿ ರಸ ಹಿಂಡಿಕೊಳ್ಳಿ. ಕಿತ್ತಳೆ ತೊಳೆಗಳನ್ನೂ ಜರಡಿಯಲ್ಲಿ ಒತ್ತಿ ರಸ ತೆಗೆಯಿರಿ. ಈಗ ಎರಡು ಪಾತ್ರೆ. ಒಂದರಲ್ಲಿ ಎರಡೂ ಸಿಪ್ಪೆ, ಎಲ್ಲ ರಸ, 1 ಲೀಟರ್ ನೀರು. ಇನ್ನೊಂದರಲ್ಲಿ ಎಲ್ಲ ಬೀಜ, ಹೇರಳೆಯ ಬಿಳಿ ಭಾಗ, ಹಿಂಡಿ ಉಳಿದ ಪೊರೆ, 500 ಮಿಲಿ ನೀರು. ಮುಚ್ಚಿ ರಾತ್ರಿ ಬಿಡಿ.

ಹೆಚ್ಚುವ ಕೆಲಸಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಮಿಕ್ಸಿಗೆ ಹಾಕಬೇಡಿ. ಹಾಕಿ ನೋಡಿದ್ದೇನೆ, ಪಾಕ ಮಬ್ಬಾಗಿ ಚಟ್ನಿಯಂತೆ ಕಾಣುತ್ತದೆ. ಬೆಳಕಿಗೆ ಹಿಡಿದಾಗ ಎಳೆ ಎಳೆಯಾಗಿ ಸಿಪ್ಪೆ ಕಾಣುವುದರಲ್ಲೇ ಮಾರ್ಮಲೇಡಿನ ಅಂದ ಇರುವುದು.

*ಎರಡನೇ ದಿನ, ಬೆಳಗ್ಗೆ.* ಬೀಜದ ಪಾತ್ರೆಯಲ್ಲಿರುವುದನ್ನೆಲ್ಲ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಬಿಗಿ ಕಟ್ಟಿದರೆ ಒಳಗಿನ ಲೋಳೆ ಹೊರಗೆ ಬರುವುದಿಲ್ಲ. ಬಸಿದ ಲೋಳೆ ನೀರನ್ನು ಸಿಪ್ಪೆಯ ಪಾತ್ರೆಗೆ ಸುರಿದು, ಗಂಟನ್ನೂ ಅದರಲ್ಲೇ ಮುಳುಗಿಸಿ, ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಯಿಸಿ.

ಗ್ಯಾಸ್ ಉಳಿಸಬೇಕೆಂದರೆ ಕುಕ್ಕರ್ ಒಳ್ಳೆಯದು. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಎರಡು ಕೂಗಾದ ಮೇಲೆ ಉರಿ ಸಣ್ಣ ಮಾಡಿ 15 ನಿಮಿಷ. ಆವಿ ತಾನಾಗಿ ಇಳಿಯಲಿ. ಕುಕ್ಕರಿನಲ್ಲಿ ನೀರು ಇಂಗುವುದಿಲ್ಲ, ಹಾಗಾಗಿ ಆಮೇಲೆ ಅಗಲ ಪಾತ್ರೆಗೆ ಬಗ್ಗಿಸಿ ಕುದಿಸಿ ಇಂಗಿಸಬೇಕು. ಒಟ್ಟು ಹೊತ್ತು ಆದರೂ ಕಮ್ಮಿ.

ಸಿಪ್ಪೆ ಬೆರಳಲ್ಲಿ ಹಿಟ್ಟಾಗುತ್ತಿದೆಯಾ ನೋಡಿ. ಆಗಿದ್ದರೆ ಗಂಟನ್ನು ತಟ್ಟೆಗೆ ತೆಗೆದು ಆರಲು ಬಿಡಿ. ಆರಿದ ಮೇಲೆ ಪಾತ್ರೆಯ ಮೇಲೆ ಹಿಡಿದು ಹಿಂಡಿ, ಚೆನ್ನಾಗಿ ಹಿಂಡಿ. ಗಂಜಿಯಂಥ ದಪ್ಪ ಲೋಳೆ ಬಟ್ಟೆಯಿಂದ ಹೊರಬರುತ್ತದೆ. ಅದೆಲ್ಲ ಪಾಕಕ್ಕೆ ಸೇರಬೇಕು. ಈ ಹಿಂಡುವ ಕೆಲಸ ಅರ್ಧಕ್ಕೆ ಬಿಟ್ಟ ಪಾಕ ಸಡಿಲವಾಗೇ ಉಳಿಯಿತು, ಬೇರೆಲ್ಲ ಅಳತೆ ಒಂದೇ ಇದ್ದರೂ.

ಈಗ ತೂಗಿ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಂಡಿರಬೇಕು. ನನ್ನದು 1 ಕೆಜಿ 150 ಗ್ರಾಂ. ಒಳಗಿರುವುದು ಸುಮಾರು 1 ಕೆಜಿ 300 ಗ್ರಾಂ ಇರಬೇಕು. ಜಾಸ್ತಿ ಇದ್ದರೆ ಇನ್ನೂ ಕುದಿಸಿ ಇಂಗಿಸಿ. ನೀರು ಇಂಗಿಸುವುದೇನಿದ್ದರೂ ಆದಷ್ಟು ಸಕ್ಕರೆಗೆ ಮುಂಚೆಯೇ ಮುಗಿಯಲಿ. ಸಕ್ಕರೆ ಹಾಕಿದ ಮೇಲೆ ತುಂಬ ಹೊತ್ತು ಕುದಿಸಿದರೆ ಬಣ್ಣ ಕಪ್ಪಾಗುತ್ತದೆ, ಪೆಕ್ಟಿನ್ ಮುರಿದು ಪಾಕ ಮತ್ತೆ ತೆಳ್ಳಗಾಗುತ್ತದೆ.

ನಿಂಬೆರಸ ಹಾಕಿ. ಸಕ್ಕರೆಯನ್ನು ಬಾಂಡಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿಕೊಂಡು ಸುರಿಯಿರಿ, ಬೇಗ ಕರಗುತ್ತದೆ. ಸಣ್ಣ ಉರಿಯಲ್ಲಿ ಒಂದು ಹರಳೂ ಉಳಿಯದಂತೆ ಕರಗಿಸಿ. ಆಮೇಲೆ ದೊಡ್ಡ ಒಲೆ, ಪೂರ್ತಿ ಉರಿ. ನೊರೆ ಎದ್ದು ಉಕ್ಕುತ್ತದೆ, ಪಾತ್ರೆ ಬಿಟ್ಟು ಆಚೆ ಹೋಗಬೇಡಿ. ಕೈಗೆ ಹಾರಿದರೆ ಕೆಟ್ಟದಾಗಿ ಸುಡುತ್ತದೆ, ಉದ್ದ ಹಿಡಿಯ ಸೌಟು ಇರಲಿ, ಮಕ್ಕಳು ಹತ್ತಿರ ಬರದಿರಲಿ.

ನಮ್ಮ ಒಲೆಯಲ್ಲಿ ಇದಕ್ಕೆ 20ರಿಂದ 25 ನಿಮಿಷ. 100 ಡಿಗ್ರಿವರೆಗೆ ಬೇಗ ಏರುತ್ತದೆ, ಅಲ್ಲಿಂದ 102ಕ್ಕೆ ನಿಧಾನ. 101 ಬಂದಾಗಿನಿಂದ ಪಕ್ಕದಲ್ಲೇ ನಿಂತಿರಬೇಕು.

ಮೂರು ಪರೀಕ್ಷೆ

ಥರ್ಮಾಮೀಟರ್ 102 ತೋರಿಸಿದ ಕೂಡಲೇ ಒಲೆ ಆರಿಸಿ. ಪರೀಕ್ಷೆ ಮಾಡುತ್ತಾ ಒಲೆ ಉರಿಯಲು ಬಿಟ್ಟರೆ ಅಷ್ಟರಲ್ಲೇ ಪಾಕ ಮುಂದೆ ಹೋಗಿಬಿಡುತ್ತದೆ.

ಫ್ರೀಜರಿನಿಂದ ತಟ್ಟೆ ತೆಗೆದು ಒಂದು ಚಮಚ ಪಾಕ ಬಿಟ್ಟು ಎರಡು ನಿಮಿಷ ಫ್ರಿಜ್ಜಿನಲ್ಲಿಡಿ. ಬೆರಳಿನಿಂದ ತಳ್ಳಿದಾಗ ಮೇಲ್ಮೈ ಸುಕ್ಕುಗಟ್ಟಬೇಕು, ಬೆರಳು ಹೋದ ದಾರಿ ಮುಚ್ಚಿಕೊಳ್ಳಬಾರದು.

ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ತೂಕದ ಮೇಲೆ. ಹಾಕಿದ ಸಕ್ಕರೆ ಒಟ್ಟು ತೂಕದ ನೂರಕ್ಕೆ 60 ಆಗಬೇಕು. ಉಳಿದ ಸಿಹಿ ಹಣ್ಣಿನಿಂದಲೇ ಬಂದು 65 ದಾಟುತ್ತದೆ. ಅಂಗಡಿಯ ಮಾರ್ಮಲೇಡಿಗೂ ನಮ್ಮ ದೇಶದ ಆಹಾರ ನಿಯಮ ಹೇಳುವುದು ಕರಗಿದ ಘನಾಂಶ ಕನಿಷ್ಠ ನೂರಕ್ಕೆ 65 ಅಂತಲೇ. 1 ಕೆಜಿ 200 ಗ್ರಾಂ ಸಕ್ಕರೆಗೆ 2 ಕೆಜಿ ಮಾರ್ಮಲೇಡ್. ನನ್ನ ಪಾತ್ರೆ ಸೇರಿ ತಕ್ಕಡಿ 3 ಕೆಜಿ 150 ಗ್ರಾಂ ತೋರಿಸಬೇಕು. ತಕ್ಕಡಿಯ ಮೇಲೆ ಮರದ ಹಲಗೆ ಇಟ್ಟು, ಅದನ್ನು ಸೊನ್ನೆಗೆ ತಂದು, ಮೇಲೆ ಬಿಸಿ ಪಾತ್ರೆ ಇಡಿ. ಹಲಗೆ ಇಲ್ಲದೆ ನೇರ ಇಟ್ಟರೆ ತಕ್ಕಡಿಯ ಪ್ಲಾಸ್ಟಿಕ್ ಬಾಗುತ್ತದೆ. ಮೀಟರ್ ಕೆಟ್ಟಿದ್ದರೂ, ಊರು ಬೇರೆಯಾದರೂ, ಈ ಲೆಕ್ಕ ಬದಲಾಗುವುದಿಲ್ಲ.

ತೂಕ ಸರಿ ಇದ್ದು ತಟ್ಟೆಯಲ್ಲಿ ಸುಕ್ಕು ಬರದಿದ್ದರೆ, ಇನ್ನೂ ಕುದಿಸುವುದರಿಂದ ಏನೂ ಸಿಗುವುದಿಲ್ಲ. ಕಮ್ಮಿ ಬಿದ್ದಿರುವುದು ಪೆಕ್ಟಿನ್ ಅಥವಾ ಹುಳಿ. ಇನ್ನೊಂದು ನಿಂಬೆಯ ರಸ, ಮತ್ತೊಂದು ಹೇರಳೆಯ ಬೀಜ ಮತ್ತು ಬಿಳಿ ಭಾಗ ಬೇಯಿಸಿ ಹಿಂಡಿದ ಲೋಳೆ 100 ಮಿಲಿ ಸೇರಿಸಿ, ಮತ್ತೆ ಅದೇ ತೂಕಕ್ಕೆ ತನ್ನಿ. ಕಟ್ಟದೆ ಉಳಿದಿದ್ದ ಹಳೆಯ ನಾಗಪುರ ಪಾಕವನ್ನು ಹೀಗೆಯೇ ಉಳಿಸಿಕೊಂಡೆ.

ಬಾಟಲಿಗೆ ತುಂಬುವುದು

ಬಾಟಲಿ ತೊಳೆದು, 10 ನಿಮಿಷ ನೀರಿನಲ್ಲಿ ಕುದಿಸಿ, ಕವುಚಿ ಹಾಕಿ ಒಣಗಿಸಿ. ತುಂಬುವಾಗ ಬಾಟಲಿ ಬಿಸಿಯಾಗಿರಬೇಕು, ತಣ್ಣಗಿದ್ದರೆ ಒಡೆಯುತ್ತದೆ. ಮುಚ್ಚಳಗಳನ್ನೂ ಕುದಿಸಿ.

ಒಲೆಯಿಂದ ಇಳಿಸಿದ ತಕ್ಷಣ ತುಂಬಬೇಡಿ. ಹತ್ತು ಹನ್ನೆರಡು ನಿಮಿಷ ಪಾತ್ರೆಯಲ್ಲೇ ಬಿಟ್ಟು, ಒಮ್ಮೆ ನಿಧಾನವಾಗಿ ಕಲಕಿ, ಆಮೇಲೆ ತುಂಬಿ. ಪಾಕ ಸ್ವಲ್ಪ ದಪ್ಪವಾದ ಮೇಲೆ ಸಿಪ್ಪೆ ತೇಲದೆ ಎಲ್ಲ ಕಡೆ ಹರಡಿ ನಿಲ್ಲುತ್ತದೆ. ಹಾಗಂತ ಅರ್ಧ ಗಂಟೆ ಬಿಡಬಾರದು. ತುಂಬುವಾಗ 85 ಡಿಗ್ರಿಗಿಂತ ಮೇಲೇ ಇರಬೇಕು. ಕುತ್ತಿಗೆಯವರೆಗೆ ತುಂಬಿ, ಬಾಯಿ ಒರೆಸಿ, ಬಿಗಿಯಾಗಿ ಮುಚ್ಚಿ.

ಅರ್ಧ ತುಂಬಿಸಿಟ್ಟ ಕೊನೆಯ ಬಾಟಲಿಗೇ ಯಾವಾಗಲೂ ಬೂಸ್ಟು ಬರುವುದು. ಮೇಲೆ ಗಾಳಿ ಜಾಸ್ತಿ ಇರುತ್ತದೆ ಅಲ್ವಾ. ಅದನ್ನು ಫ್ರಿಜ್ಜಿನಲ್ಲಿಟ್ಟು ಮೊದಲು ಖಾಲಿ ಮಾಡಿ. ಬೂಸ್ಟು ಕಂಡರೆ ಮೇಲಿನದನ್ನು ಮಾತ್ರ ತೆಗೆದು ತಿನ್ನುವುದು ಬೇಡ, ಪೂರ್ತಿ ಚೆಲ್ಲಿ. ಪೂರ್ತಿ ತುಂಬಿದ ಬಾಟಲಿಗಳು ಕತ್ತಲ ಕಪಾಟಿನಲ್ಲಿ ಮಳೆಗಾಲ ದಾಟಿ ಚೆನ್ನಾಗೇ ಉಳಿದಿವೆ. ತೆರೆದ ಮೇಲೆ ಫ್ರಿಜ್, ಒಣ ಚಮಚ.

ಗಟ್ಟಿಯಾಗಿಲ್ಲ ಅಂತ ಅದೇ ರಾತ್ರಿ ಮತ್ತೆ ಕುದಿಸಲು ಹೋಗಬೇಡಿ. ಹೇರಳೆ ಹಾಕಿದ ಪಾಕ ಪೂರ್ತಿ ಕಟ್ಟಿಕೊಳ್ಳಲು ಒಂದು ದಿನ, ಕೆಲವು ಸಲ ಎರಡು ದಿನ ತೆಗೆದುಕೊಳ್ಳುತ್ತದೆ.

ಖರ್ಚು: ಕಿತ್ತಳೆ 90, ಹೇರಳೆ 50, ನಿಂಬೆ 10, ಸಕ್ಕರೆ 55, ಗ್ಯಾಸಿಗೆ ಅಂದಾಜು 40. ಒಟ್ಟು 245 ರೂಪಾಯಿಗೆ ಆರು ಬಾಟಲಿ, ಮೇಲೆ ಬಾಟಲಿಯ ಬೆಲೆ. ಒಂದಕ್ಕೆ 76 ರೂಪಾಯಿ ಬಿತ್ತು. ಬಾಟಲಿ ತೊಳೆದು ಮತ್ತೆ ಬಳಸಿದರೆ 41.

ಬೇರೆ ಬಗೆಗಳು

*ದಪ್ಪ ಎಳೆ, ಗಾಢ ಬಣ್ಣ.* ಆಕ್ಸ್‌ಫರ್ಡ್ ಮಾರ್ಮಲೇಡ್ ಅಂದರೆ ಇದು. ಅಲ್ಲಿ ಸಾರಾ ಜೇನ್ ಕೂಪರ್ 1874ರಲ್ಲಿ ಮನೆಯಲ್ಲಿ ಮಾಡಿ, ಗಂಡನ ಅಂಗಡಿಯಲ್ಲಿ ಮಾರಿದ್ದರಿಂದ ಹೆಸರಾಯಿತು. ಸಿಪ್ಪೆಯನ್ನು ಅರ್ಧ ಸೆಂಟಿಮೀಟರ್ ಅಗಲ ಹೆಚ್ಚಿ, ಸಕ್ಕರೆಯಲ್ಲಿ ಕಾಲು ಭಾಗ ಕಂದು ಸಕ್ಕರೆ ಹಾಕಿದೆ. ಬೇಯಲು ಅರ್ಧ ಗಂಟೆ ಹೆಚ್ಚು. ಹೇರಳೆಯ ಕಹಿಗೆ ಈ ಕಡುರುಚಿ ಚೆನ್ನಾಗಿ ಒಗ್ಗುತ್ತದೆ. ಇದಕ್ಕೆ ಸಿಪ್ಪೆಯನ್ನು ಒಂದೇ ಸಲ ಕುದಿಸಿ ಚೆಲ್ಲಿದರೆ ಸಾಕು.

*ಜೆಲ್ಲಿ ಬಗೆ.* ಬೆಂದ ರಸವನ್ನು ಬಟ್ಟೆಯಲ್ಲಿ ರಾತ್ರಿಯಿಡೀ ತಾನಾಗಿ ಸೋರಲು ಬಿಟ್ಟು, ಆ ತಿಳಿಗೆ ಸಕ್ಕರೆ ಹಾಕಿ, ಬೇರೆ ಬೇಯಿಸಿಟ್ಟ ಕೂದಲೆಳೆಯಷ್ಟು ಸಿಪ್ಪೆ ಸೇರಿಸುವುದು. ಗಂಟನ್ನು ಹಿಂಡಿದರೆ ತಿಳಿ ಮಬ್ಬಾಗುತ್ತದೆ. ನೋಡಲು ತುಂಬ ಚೆಂದ, ಆದರೆ ಅಷ್ಟೇ ಹಣ್ಣಿಗೆ ಅರ್ಧ ಬಾಟಲಿಗಳೇ ಬರುತ್ತವೆ. ಯಾರಿಗಾದರೂ ಕೊಡಲು ಮಾಡುವಂಥದ್ದು.

*ನಿಂಬೆ.* ನಿಂಬೆಯ ಸಿಪ್ಪೆ ತೆಳ್ಳಗೆ ಕಂಡರೂ ಬೇಯಲು ಹಠ ಮಾಡುತ್ತದೆ. ಬಯಲು ಪಾತ್ರೆಯಲ್ಲಿ ಎರಡು ಗಂಟೆಯಾದರೂ ಚರ್ಮದ ಹಾಗಿತ್ತು. ಇಡೀ ನಿಂಬೆಯನ್ನೇ ಕುಕ್ಕರಿನಲ್ಲಿ ಬೇಯಿಸಿ, ಆರಿಸಿ, ಆಮೇಲೆ ಹೆಚ್ಚಿದರೆ ಸರಿ. ಹುಳಿ ಬೇರೆ ಹಾಕಬೇಕಿಲ್ಲ. ಸಕ್ಕರೆ ಹಣ್ಣಿನ ಒಂದೂವರೆ ಪಟ್ಟು.

*ಚಕ್ಕೋತ.* ದೇವನಹಳ್ಳಿ ಚಕ್ಕೋತ ಸಿಕ್ಕಾಗ ಮಾಡಿದೆ. ಬಿಳಿ ಭಾಗ ಎರಡು ಬೆರಳು ದಪ್ಪ, ಹಾಗಾಗಿ ಪೆಕ್ಟಿನಿಗೆ ಬರವಿಲ್ಲ. ಆದರೆ ಅಷ್ಟೂ ಹಾಕಿದರೆ ಬಾಟಲಿ ಸ್ಪಂಜಿನಂತಾಗುತ್ತದೆ. ಮುಕ್ಕಾಲು ಪಾಲನ್ನು ಗಂಟಿಗೆ ಕಟ್ಟಿ, ಕಾಲು ಪಾಲು ಮಾತ್ರ ಸಿಪ್ಪೆಯ ಜೊತೆ ಬಿಡಿ. ರಸದಲ್ಲಿ ಹುಳಿ ಸಾಲದು. ಒಂದು ಹಣ್ಣಿಗೆ ಮೂರು ನಿಂಬೆ ಬೇಕಾಯಿತು.

*ಶುಂಠಿ.* ನಿಂತ ಪಾಕಕ್ಕೆ 60 ಗ್ರಾಂ ಎಳೆ ಶುಂಠಿ, ಸಣ್ಣಗೆ ಹೆಚ್ಚಿ, ಸಿಪ್ಪೆಯ ಜೊತೆಯೇ ಬೇಯಲು ಹಾಕಿ. ಕೊನೆಯಲ್ಲಿ ಹಾಕಿದರೆ ಹಸಿ ಖಾರ ಉಳಿಯುತ್ತದೆ. ನಮ್ಮ ಮನೆಯಲ್ಲಿ ಅಕ್ಕಿರೊಟ್ಟಿಯ ಜೊತೆ ಮೊದಲು ಖಾಲಿಯಾಗುವುದು ಇದೇ ಬಾಟಲಿ.

ಇನ್ನೂ ಸರಿಹೋಗದ್ದು: ಬೆಲ್ಲ

ಹೇರಳೆಕಾಯಿ ಗೊಜ್ಜು ತಿಂದು ಬೆಳೆದವರಿಗೆ ಬೆಲ್ಲ ಹಾಕಬೇಕು ಅನ್ನಿಸಿಯೇ ಅನ್ನಿಸುತ್ತದೆ. ರುಚಿ ನಿಜಕ್ಕೂ ಅದ್ಭುತ. ಕಟ್ಟಿಕೊಳ್ಳುವುದು ಮಾತ್ರ ಇಲ್ಲ. ಸಕ್ಕರೆ ಪೂರ್ತಿ ತೆಗೆದು ಮಂಡ್ಯದ ಅಚ್ಚು ಬೆಲ್ಲ ಹಾಕಿದಾಗ ಪಾಕ ಸಡಿಲ, ಮಬ್ಬು, ಮೇಲೆ ಕಂದು ನೊರೆ. ಬೆಲ್ಲ ಕಾಸುವಾಗ ಕಬ್ಬಿನ ಹಾಲಿಗೆ ಸುಣ್ಣ ಹಾಕುತ್ತಾರೆ. ಅದು ಪಾಕದ ಹುಳಿಯನ್ನು ತಗ್ಗಿಸುತ್ತದೆ, ಹುಳಿ ತಗ್ಗಿದರೆ ಪೆಕ್ಟಿನ್ ಹಿಡಿಯುವುದಿಲ್ಲ. ಬೆಲ್ಲದಲ್ಲಿ ನೀರಿನಂಶವೂ ಇರುವುದರಿಂದ ನೂರಕ್ಕೆ 60ರ ತೂಕದ ಲೆಕ್ಕ ನೇರವಾಗಿ ಕೂರುವುದಿಲ್ಲ.

ಈಗ ತಲುಪಿರುವ ಜಾಗ ಇದು: 900 ಗ್ರಾಂ ಸಕ್ಕರೆ, 300 ಗ್ರಾಂ ಬೆಲ್ಲ. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಸ್ವಲ್ಪ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ನಿಂಬೆ ಎರಡರ ಬದಲು ನಾಲ್ಕು. ಹೀಗೆ ಮಾಡಿದಾಗ ತಟ್ಟೆಯಲ್ಲಿ ಸುಕ್ಕು ಬರುತ್ತದೆ, ಬಾಟಲಿಯಲ್ಲಿ ಮೆತ್ತಗೆ ಕೂರುತ್ತದೆ. ಬೆಲ್ಲ 400 ಗ್ರಾಂ ದಾಟಿದರೆ ಮತ್ತೆ ಹರಿಯುತ್ತದೆ. ಮುಂದಿನ ಸಲ ಮೂರನೇ ಹೇರಳೆಯ ಬೀಜ ಮತ್ತು ಬಿಳಿ ಭಾಗ ಗಂಟಿಗೆ ಸೇರಿಸಿ, ಅರ್ಧ ಸಕ್ಕರೆ ಅರ್ಧ ಬೆಲ್ಲಕ್ಕೆ ಪ್ರಯತ್ನಿಸಬೇಕು. ಸುಣ್ಣ ಕಮ್ಮಿ ಹಾಕಿದ ಬೆಲ್ಲ ನೇರ ಆಲೆಮನೆಯಿಂದ ಸಿಕ್ಕರೆ ಅದರಲ್ಲಿ.